ತುಂಬಿಸಿ ಓಡಿಸಿ ನೋಡು

ಸಕಲೇಶಪುರ

ಚಿ. ಸೌ. ಪುಟ್ಟಿಗೆ ಸೋದರಮಾವನ ಆಶೀರ್ವಾದಗಳು. ಇತ್ತ ನಾವೆಲ್ಲ ಕ್ಷೇಮ. ಅತ್ತ ನಿಮ್ಮೆಲ್ಲರ ಕ್ಷೇಮಕ್ಕೆ ಆಗಾಗ ಬರೆಯುತ್ತಿರು.

ನಿಮ್ಮ ಟೆಕ್ಸಾಸ್‌ನ ಆಸ್ಟಿನ್‌ನಲ್ಲಿ ಸೆಕೆಂಡ್ ಹ್ಯಾಂಡ್ ವೇಕ್‌ಬೋಟ್ ಕೊಳ್ಳಲು ಹೊರಟಿದ್ದೀಯೆಂದು ಅಕ್ಕ ಹೇಳಿದಳು. ಬೆನ್ನ ಹಿಂದೆ ಅಲೆ ಎಬ್ಬಿಸಿ, ಹಲಗೆಯ ಮೇಲೆ ನಿಂತವರನ್ನು ಆಡಿಸುವ ಬೋಟು ತಾನೇ ಅದು. ನೀನು ಕಳಿಸಿದ ಮೂರು ಜಾಹೀರಾತುಗಳನ್ನೂ ನೋಡಿದೆ. ಟವರ್, ಸ್ಪೀಕರ್, ಸೀಟಿನ ಹೊಲಿಗೆ ಎಲ್ಲವೂ ಥಳಥಳ ಹೊಳೆಯುತ್ತಿವೆ. ಎಂಜಿನ್ ಮುಚ್ಚಳ ಎತ್ತಿ ತೆಗೆದ ಫೋಟೋ ಮಾತ್ರ ಒಂದೂ ಇಲ್ಲ.

ನಮ್ಮ ಕಡೆ ಹಳೇ ಪಿಕಪ್ ಕೊಳ್ಳುವವರು ಖಾಲಿ ಗಾಡಿಯನ್ನು ಬಿ.ಎಂ. ರಸ್ತೆಯಲ್ಲಿ ಒಂದು ಸುತ್ತು ಹೊಡೆಸಿ ಮುಂಗಡ ಕೊಡುವುದಿಲ್ಲ. ಐವತ್ತು ಕೆಜಿಯ ಮೂಟೆ ಇಪ್ಪತ್ತು ಹೇರಿ ಗುಂಡ್ಯದಿಂದ ಮಾರನಹಳ್ಳಿಗೆ ಹತ್ತಿಸಿದಾಗಲೇ ಕ್ಲಚ್ಚು, ರೇಡಿಯೇಟರು ಎಲ್ಲದರ ಹಣೆಬರಹ ಗೊತ್ತಾಗುವುದು. ವೇಕ್‌ಬೋಟ್ ಕೂಡ ಹೇರು ಹೊರುವ ಗಾಡಿಯೇ ಕಣಮ್ಮ. ಅದರ ಹೇರು ನೀರು. ಬೋಟನ್ನು ತಗ್ಗಿಸಿ ಅಲೆ ದೊಡ್ಡದು ಮಾಡಲು ಇಟ್ಟ ಬಾಲಸ್ಟ್ ಟ್ಯಾಂಕು, ಚೀಲಗಳಿಗೆ ಸಾವಿರ ಲೀಟರ್ ತುಂಬಿದರೆ ಸಾವಿರ ಕೆಜಿ ಹೊತ್ತಂತಾಯಿತು. ಮಾರುವವನು ಬೋಟನ್ನು ಖಾಲಿ ಓಡಿಸಿ ತೋರಿಸುತ್ತಾನೆ. ನೀನು ತುಂಬಿಸಿ ಓಡಿಸಿ ನೋಡಬೇಕು.

ಅದಕ್ಕೂ ಮುಂಚೆ, ಆ ಮೂರರಲ್ಲಿ ಅಗ್ಗದ್ದನ್ನು ಬಿಟ್ಟುಬಿಡು. ಅದು ಸ್ಟರ್ನ್‌ಡ್ರೈವ್. ಅದರ ಪ್ರೊಪೆಲರ್ ಬೋಟಿನ ಹಿಂಗೋಡೆಯಿಂದಾಚೆ ತಿರುಗುತ್ತದೆ. ವೇಕ್‌ಬೋರ್ಡ್ ಆಡುವವರು 65ರಿಂದ 75 ಅಡಿ ಹಗ್ಗದ ತುದಿಯಲ್ಲಿರುತ್ತಾರೆ. ಸರ್ಫ್ ಮಾಡುವವರು ಹಾಗಲ್ಲ, ಬೋಟಿನ ಬೆನ್ನಿಗೇ ಬಂದು, ಹಗ್ಗವನ್ನೂ ಕೈಬಿಟ್ಟು ಅಲೆಯ ಮೇಲೆ ಜಾರುತ್ತಾರೆ. ಮುಗ್ಗರಿಸಿದರೆ ಪ್ರೊಪೆಲರ್ ಇರುವ ಕಡೆಗೇ ಬೀಳಬಹುದು. ಔಟ್‌ಬೋರ್ಡ್ ಮೋಟಾರಿಗೂ ಇದೇ ಮಾತು. ಸರ್ಫ್‌ಗೆ ಬೇಕಾದದ್ದು ಪ್ರೊಪೆಲರ್ ತಳದಡಿಯಲ್ಲಿ, ಹಿಂಗೋಡೆಗಿಂತ ಒಳಗಿರುವ ಇನ್‌ಬೋರ್ಡ್. ವೋಲ್ವೊ ಪೆಂಟಾದವರು 2015ರಲ್ಲಿ ತಂದ, ಪ್ರೊಪೆಲರ್ ಮುಂದಕ್ಕೆ ಮುಖ ಮಾಡಿರುವ ಫಾರ್ವರ್ಡ್ ಡ್ರೈವ್ ಒಂದು ಅಪವಾದ. ನೀನು ನೋಡಿರುವುದು ಅದಲ್ಲ.

ಇನ್‌ಬೋರ್ಡ್ ಆದರೂ ಹೊಗೆ ಹಿಂದಿನಿಂದಲೇ ಬರುವುದು. ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಎಂಜಿನ್ ಓಡುತ್ತಿರುವಾಗ ಹಿಂದಿನ ಈಜುಹಲಗೆಯ ಮೇಲೆ ಯಾರೂ ಕೂರಕೂಡದು, ಅದನ್ನು ಹಿಡಿದು ನೇತಾಡಲೂಕೂಡದು. ಮಕ್ಕಳಿಗೆ ಇದನ್ನು ಮೊದಲ ದಿನವೇ ಹೇಳು.

ಇನ್‌ಬೋರ್ಡ್‌ನಲ್ಲಿ ಎರಡು ಜಾತಿ. ಡೈರೆಕ್ಟ್ ಡ್ರೈವ್‌ನಲ್ಲಿ ಎಂಜಿನ್ ಬೋಟಿನ ನಡುವೆ ಇರುತ್ತದೆ, ಅಲೆ ಚಿಕ್ಕದು, ಸ್ಕೀ ಮಾಡುವವರಿಗೆ ಹೇಳಿ ಮಾಡಿಸಿದ್ದು. ವಿ-ಡ್ರೈವ್‌ನಲ್ಲಿ ಎಂಜಿನ್ ಹಿಂದಿನ ಸೀಟಿನಡಿ ಕೂರುವುದರಿಂದ ಹಿಂಭಾರ ಜಾಸ್ತಿ, ಅಲೆ ದೊಡ್ಡದು, ನಡುವೆ ಕೂರಲು ಜಾಗವೂ ಧಾರಾಳ. ನಿಮಗೆ ವಿ-ಡ್ರೈವ್.

ಸುಮಾರು 2013ರ ಮಾದರಿಗಿಂತ ಹಿಂದಿನ ಬೋಟುಗಳಲ್ಲಿ ಸರ್ಫ್ ಅಲೆ ಎಬ್ಬಿಸಲು ಒಂದೇ ಬದಿಗೆ ಭಾರ ತುಂಬಿ ಬೋಟನ್ನು ವಾಲಿಸಬೇಕು. ಮಲಿಬು ಕಂಪನಿಯ ಸರ್ಫ್ ಗೇಟ್ ಬಂದ ಮೇಲೆ ಉಳಿದವರೂ ಹಿಂಗೋಡೆಗೆ ತಮ್ಮ ತಮ್ಮ ರೆಕ್ಕೆ, ತಟ್ಟೆ ಜೋಡಿಸಿದರು. ಈಗ ಒಂದು ಗುಂಡಿ ಒತ್ತಿದರೆ ಅಲೆ ಆ ಬದಿಯಿಂದ ಈ ಬದಿಗೆ ಬರುತ್ತದೆ. ಎಡಗಾಲು ಮುಂದಿಡುವವರಿಗೆ ಎಡಬದಿಯ ಅಲೆ, ಬಲಗಾಲು ಮುಂದಿಡುವವರಿಗೆ ಬಲಬದಿಯದು ಬೇಕು. ನಿಮ್ಮ ಮನೆಯಲ್ಲಿ ಇಬ್ಬರೂ ಇದ್ದಾರೆ, ಹಾಗಾಗಿ ಈ ಸೌಕರ್ಯಕ್ಕೆ ಬೆಲೆಯಿದೆ. ಆದರೆ ಹೇಳಿಬಿಡುತ್ತೇನೆ, ಚೆನ್ನಾಗಿ ಸಾಕಿದ 2010ರ ಬೋಟು ಮತ್ತು ಕೇಳುವವರಿಲ್ಲದ 2015ರ ಬೋಟು ಎದುರಿಗಿದ್ದರೆ ನಾನು ಹಳೆಯದಕ್ಕೇ ಕೈ ಹಾಕುವೆ.

ನೋಡಲು ಹೋಗುವ ದಿನ ಎಂಜಿನ್ ತಣ್ಣಗಿರಲಿ ಎಂದು ಮುಂಚೆಯೇ ಹೇಳು. ಹೋದ ಕೂಡಲೇ ಕೈಯಿಟ್ಟು ನೋಡು. ಬೆಚ್ಚಗಿದ್ದರೆ ಮೊದಲೇ ಸ್ಟಾರ್ಟ್ ಮಾಡಿಟ್ಟಿದ್ದಾರೆ ಎಂದರ್ಥ, ಏಕೆಂದು ಕೇಳು. ಡಿಪ್‌ಸ್ಟಿಕ್ ಎಳೆದು ಎಣ್ಣೆ ನೋಡು. ಹಾಲು ಹಾಕಿದ ಕಾಫಿ ಬಣ್ಣಕ್ಕೆ ತಿರುಗಿದ್ದರೆ ಎಣ್ಣೆಯೊಳಗೆ ನೀರು ಸೇರಿದೆ, ಅಲ್ಲಿಂದಲೇ ವಾಪಸ್ ಬಾ. ನಮಗೆ ಮಂಜುಗಡ್ಡೆಯ ಅಭ್ಯಾಸವಿಲ್ಲ, ಆದ್ದರಿಂದ ಇದು ಹೊಳೆಯುವುದಿಲ್ಲ: ನೀರು ಹೆಪ್ಪುಗಟ್ಟಿದಾಗ ಸುಮಾರು ಶೇ. 9ರಷ್ಟು ಹಿಗ್ಗುತ್ತದೆ, ಎಂಜಿನ್ ಬ್ಲಾಕಿನಲ್ಲಿ ನೀರು ಉಳಿದಿದ್ದರೆ ಬೀಡು ಕಬ್ಬಿಣವನ್ನೇ ಸೀಳುತ್ತದೆ. 2021ರ ಫೆಬ್ರವರಿಯ ಚಳಿಗೆ ಟೆಕ್ಸಾಸ್‌ನ ಮನೆಗಳ ನೀರಿನ ಪೈಪುಗಳೇ ಒಡೆದವಲ್ಲ, ಆ ಚಳಿಗಾಲದಲ್ಲಿ ಈ ಬೋಟು ಎಲ್ಲಿತ್ತು, ಎಂಜಿನ್ನಿನ ನೀರು ಬಸಿದಿದ್ದರೇ ಎಂದು ನೇರವಾಗಿ ಕೇಳು. ಬ್ಲಾಕಿನ ಹೊರಮೈಯಲ್ಲಿ ಉದ್ದಕ್ಕೆ ತುಕ್ಕಿನ ಗೆರೆಯೋ, ಎಪಾಕ್ಸಿ ಅಂಟು ಮೆತ್ತಿದ ಗುರುತೋ ಇದೆಯೇ ಎಂದು ಟಾರ್ಚ್ ಹಾಕಿ ಹುಡುಕು.

ಆಮೇಲೆ ಎಂಜಿನ್ ತಂಪಾಗಿಸಲು ಕೆರೆನೀರು ಎಳೆಯುವ ಪಂಪಿನ ಇಂಪೆಲರ್. ನಮ್ಮ ತೋಟದ ಪಂಪ್‌ಸೆಟ್‌ನ ಇಂಪೆಲರ್ ಹಾಗೆ ಇದು ಗಟ್ಟಿಯಲ್ಲ, ಅಂಗೈಯಲ್ಲಿ ಹಿಡಿಯುವಷ್ಟು ದೊಡ್ಡ ರಬ್ಬರ್ ಹೂವು. ಅದರ ಎಸಳುಗಳು ಬಾಗುತ್ತ ನೀರು ತಳ್ಳುತ್ತವೆ. ವರ್ಷಕ್ಕೊಮ್ಮೆ ಬದಲಿಸಬೇಕು. ಬಿಚ್ಚಿಸಿ ನೋಡು. ಎಸಳುಗಳೆಲ್ಲ ಒಂದೇ ಕಡೆ ಬಾಗಿ ನೆಟ್ಟಗಾಗದಿದ್ದರೆ, ಬುಡದಲ್ಲಿ ಸೀಳಿದ್ದರೆ ಹಳೆಯದು. ಒಂದು ಎಸಳು ಮುರಿದು ಕಾಣೆಯಾಗಿದ್ದರೆ ಆ ಚೂರು ಎಲ್ಲಿ ಹೋಯಿತೆಂಬುದೇ ಪ್ರಶ್ನೆ. ಅದು ಮುಂದಿನ ಕೂಲರಿನ ಸಣ್ಣ ಕೊಳವೆಗಳ ಬಾಯಿಗೆ ಸಿಕ್ಕಿಕೊಂಡು ಎಂಜಿನ್ ಕಾಯಿಸುತ್ತದೆ. ಹೊಸ ಇಂಪೆಲರ್ ಹಾಕಿದರೂ ಕಾಯುವುದು ನಿಲ್ಲದಿದ್ದರೆ ಕಾರಣ ಬಹಳ ಸಲ ಇದೇ. ಯಾರಾದರೂ ಟ್ರೇಲರ್ ಮೇಲೆ ನೀರಿನ ಕೊಳವೆ ಜೋಡಿಸದೆ ಒಣಗಲೇ ಸ್ಟಾರ್ಟ್ ಮಾಡಿ ಸದ್ದು ಕೇಳಿಸಲು ಬಂದರೆ ತಡೆ. ರಬ್ಬರಿಗೆ ನೀರೇ ಎಣ್ಣೆ, ಅದಿಲ್ಲದೆ ಸ್ವಲ್ಪ ಹೊತ್ತಿನಲ್ಲೇ ಸುಟ್ಟುಹೋಗುತ್ತದೆ.

ನೀರಿಗಿಳಿಸಿದ ಮೇಲೆ ಎಂಜಿನ್ ಗೂಡಿನ ಪೆಟ್ರೋಲ್ ಆವಿ ಹೊರದೂಡುವ ಬ್ಲೋವರ್ ಫ್ಯಾನನ್ನು ನಾಲ್ಕು ನಿಮಿಷ ಓಡಿಸಿ, ಮುಚ್ಚಳ ಎತ್ತಿ ಮೂಸಿ, ಪೆಟ್ರೋಲ್ ವಾಸನೆ ಇಲ್ಲದಿದ್ದರೆ ಸ್ಟಾರ್ಟ್. ಮೊದಲು ಖಾಲಿ ಬೋಟಿನಲ್ಲಿ ಪೂರ್ತಿ ವೇಗಕ್ಕೆ ಹೋಗು. ಆ ಎಂಜಿನ್‌ಗೆ ಕಂಪನಿ ಹೇಳಿರುವ ಆರ್‌ಪಿಎಂ ಮುಟ್ಟಬೇಕು. ನೆಲ ನಡುಗಿದರೆ ಪ್ರೊಪೆಲರ್ ಪೆಟ್ಟು ತಿಂದಿದೆ, ಇಲ್ಲವೇ ಶಾಫ್ಟ್ ಬಾಗಿದೆ, ಇಲ್ಲವೇ ಶಾಫ್ಟನ್ನು ತಳದಡಿ ಹಿಡಿದಿರುವ ಸ್ಟ್ರಟ್ಟಿನ ರಬ್ಬರ್ ಬೇರಿಂಗ್ ಸವೆದಿದೆ. ಮೊದಲನೆಯದು ಸಣ್ಣ ಖರ್ಚು.

ಈಗ ಎಲ್ಲ ಟ್ಯಾಂಕೂ ತುಂಬಿಸು, ಕೈಗಡಿಯಾರ ನೋಡುತ್ತ. ಎಡ ಬಲ ಟ್ಯಾಂಕುಗಳು ಹೆಚ್ಚುಕಮ್ಮಿ ಒಟ್ಟಿಗೇ ತುಂಬಬೇಕು. ಒಂದು ಹಿಂದೆ ಬಿದ್ದರೆ ಆ ಪಂಪು ಸೋತಿದೆ ಅಥವಾ ಗಾಳಿ ಹಿಡಿದಿದೆ. ಮನೆಯವರನ್ನೆಲ್ಲ ಕೂರಿಸಿಕೊಂಡು ಸರ್ಫ್ ವೇಗಕ್ಕೆ, ಅಂದರೆ ಗಂಟೆಗೆ 10ರಿಂದ 12 ಮೈಲಿಗೆ ತಂದು ಇಪ್ಪತ್ತು ನಿಮಿಷ ಬಿಡು. ಬೋಟು ಮೂತಿ ಎತ್ತಿ ನೀರನ್ನು ಉಳುತ್ತ ಹೋಗುವುದರಿಂದ ಎಂಜಿನ್ ಏದುಸಿರು ಬಿಡುವುದು ಈ ವೇಗದಲ್ಲೇ. ವೇಕ್‌ಬೋರ್ಡಿನ 18ರಿಂದ 23 ಮೈಲಿಯಲ್ಲೂ ಒಮ್ಮೆ ನೋಡು, ಆದರೆ ಸತ್ಯ ಹೊರಬರುವುದು ಸರ್ಫ್‌ನಲ್ಲಿ. ಟೆಂಪರೇಚರ್ ಮುಳ್ಳು ಏರಿ ಒಂದು ಕಡೆ ನಿಲ್ಲಬೇಕು, ಏರುತ್ತಲೇ ಇರಬಾರದು. ನಿಲ್ಲಿಸಿ ನ್ಯೂಟ್ರಲ್‌ಗೆ ತಂದಾಗ ಆಯಿಲ್ ಪ್ರೆಷರ್ ಕುಸಿಯಬಾರದು. ಕೂಡಲೇ ನೆಲಹಲಗೆ ಎತ್ತಿ ತಳದಲ್ಲಿ ಎಷ್ಟು ನೀರು ಸೇರಿದೆ ನೋಡು. ಬಾಲಸ್ಟ್ ಕೊಳವೆಯ ಕ್ಲಿಪ್ಪು ಸಡಿಲವಿದ್ದರೆ ಖಾಲಿ ಓಡಿಸಿದಾಗ ಒಂದು ಹನಿಯೂ ಕಾಣುವುದಿಲ್ಲ, ತುಂಬಿಸಿದಾಗ ಬಕೆಟ್ಟುಗಟ್ಟಲೆ ಬರುತ್ತದೆ.

ಭಾರದ ಮಾತು ಬಂದದ್ದಕ್ಕೆ ಇನ್ನೊಂದು. ಚಾಲಕನ ಹತ್ತಿರ ಎಷ್ಟು ಜನ, ಎಷ್ಟು ಪೌಂಡ್ ಎಂದು ಬರೆದ ತಟ್ಟೆ ಇರುತ್ತದೆ. ಹಿಂದಿನ ಮಾಲೀಕರು ಸೀಟಿನಡಿ ತುರುಕಿದ ಹೆಚ್ಚುವರಿ ನೀರಿನ ಚೀಲಗಳೆಲ್ಲ ಆ ಲೆಕ್ಕದೊಳಗೇ ಬರಬೇಕು. ತಟ್ಟೆ 2,000 ಪೌಂಡ್ ಎಂದರೆ 907 ಕೆಜಿ. ನೀವು ಆರು ಜನ, ಸಾಮಾನು ಎಲ್ಲ ಸೇರಿ 480 ಕೆಜಿ ಆದರೆ ಉಳಿದದ್ದು 427, ಅಷ್ಟೇ ಲೀಟರ್ ನೀರು. ಕಾರ್ಖಾನೆಯ ಟ್ಯಾಂಕಿನ ಭಾರ ಬಿಟ್ಟು ಲೆಕ್ಕ ಹಾಕಿದ್ದೇವೆಂದು ತಟ್ಟೆಯಲ್ಲೇ ಬರೆದಿಲ್ಲವಾದರೆ ಅದೂ ಇದರಲ್ಲೇ ಸೇರಿತು ಅಂದುಕೋ. ಭಾರ ತುಂಬಿದ ಬೋಟಿನ ಮೂತಿ ನೀರಿಗೆ ಹತ್ತಿರವಿರುತ್ತದೆ. ಬಿದ್ದವರನ್ನು ಎತ್ತಿಕೊಳ್ಳಲು ಜೋರಾಗಿ ತಿರುಗಿಸಿದರೆ ತನ್ನದೇ ಅಲೆ ಮುಂದಿನಿಂದ ಒಳನುಗ್ಗುತ್ತದೆ. ಥ್ರಾಟಲ್ ಇಳಿಸು, ಅಲೆ ದಾಟಿಹೋಗಲಿ, ನಿಧಾನಕ್ಕೆ ತಿರುಗು.

ತಳದ ಉದ್ದಕ್ಕೆ ಹಾಯ್ದ ತೊಲೆಗಳಿಗೆ ಸ್ಟ್ರಿಂಗರ್ ಅನ್ನುತ್ತಾರೆ. ಹಳೆಯ ಬೋಟುಗಳಲ್ಲಿ ಅವು ಮರದ್ದು, ಫೈಬರ್ ಹೊದಿಕೆಯೊಳಗೇ ಕೊಳೆಯುತ್ತವೆ. ನಾಣ್ಯದಿಂದ ತಟ್ಟುತ್ತ ಹೋಗು. ಟಕ್ ಟಕ್ ಅಂದರೆ ಸರಿ, ಹಲಸು ತಟ್ಟಿದ ಹಾಗೆ ಡಬ್ ಅಂದರೆ ಒಳಗೆ ಮೆತ್ತಗಾಗಿದೆ. ಎಂಜಿನ್ ಕೂರಿಸಿದ ಬೋಲ್ಟುಗಳ ಸುತ್ತ ಹೆಚ್ಚು ಹೊತ್ತು ನೋಡು. ಅಷ್ಟು ದುಡ್ಡು ಹಾಕುವಾಗ ಬೋಟು ಪರೀಕ್ಷಿಸುವ ಸರ್ವೇಯರ್ ಒಬ್ಬರನ್ನು ಕರೆಸುವುದು ದಂಡವಲ್ಲ. ಎಂಜಿನ್ ಎಷ್ಟು ಗಂಟೆ ಓಡಿದೆಯೆಂದು ತೋರಿಸುವ ಮೀಟರನ್ನು ಬದಲಿಸಬಹುದು, ಆದ್ದರಿಂದ ಮೆಕ್ಯಾನಿಕ್ ಕಂಪ್ಯೂಟರ್ ಜೋಡಿಸಿ ಎಂಜಿನ್‌ನ ಒಳಗಿನ ಗಂಟೆ ಓದಲಿ, ಕಂಪ್ರೆಷನ್, ಅಂದರೆ ಸಿಲಿಂಡರ್ ಒಳಗಿನ ಒತ್ತಡವನ್ನೂ ನೋಡಲಿ. ಸಿಲಿಂಡರ್‌ಗಳ ನಡುವೆ ಹೆಚ್ಚು ವ್ಯತ್ಯಾಸ ಇರಬಾರದು. ಹನ್ನೆರಡು ವರ್ಷದ ಬೋಟು 90 ಗಂಟೆ ಮಾತ್ರ ಓಡಿದೆ ಎಂದರೆ ಹಿಗ್ಗಬೇಡ. ನಿಂತ ಬೋಟಿನ ರಬ್ಬರು, ಪೆಟ್ರೋಲು, ಸೀಲುಗಳು ಓಡಿದ ಬೋಟಿಗಿಂತ ಬೇಗ ಹಾಳಾಗುತ್ತವೆ.

ಟ್ರೇಲರ್ ಟೈರಿನ ಮೇಲೆ ನಾಲ್ಕಂಕಿ ಇರುತ್ತದೆ. 3219 ಅಂದರೆ 2019ರ 32ನೇ ವಾರ. ಆರು ವರ್ಷ ದಾಟಿದ್ದರೆ ಗ್ರಿಪ್ಪು ಎಷ್ಟೇ ಇರಲಿ, ಬದಲಿಸುವ ಖರ್ಚನ್ನು ಬೆಲೆಯಲ್ಲಿ ಕಳೆ. ನಿಮ್ಮ ಎಸ್‌ಯುವಿ ಎಳೆಯುವ ಮಿತಿ 5,000 ಪೌಂಡ್ ಎಂದು ಬರೆದಿದ್ದೀಯ. ಬೋಟು, ಟ್ರೇಲರ್, ಪೆಟ್ರೋಲ್ ಸೇರಿದರೆ ಅದು ಸಾಲದು.

ನಿಮ್ಮೂರ ಹತ್ತಿರದ ಲೇಕ್ ಟ್ರಾವಿಸ್‌ನಲ್ಲಿ ಜೀಬ್ರಾ ಮಸಲ್ ಎಂಬ ಚಿಪ್ಪುಹುಳು ಸೇರಿಕೊಂಡಿದೆ. ಆದ್ದರಿಂದ ಹೊರಡುವ ಮುಂಚೆ ಬಾಲಸ್ಟ್ ನೀರೆಲ್ಲ ಬಸಿಯುವುದು ಅಲ್ಲಿನ ಕಾನೂನು. ಅದೂ ನದಿಗೆ ಕಟ್ಟೆ ಕಟ್ಟಿ ಆದ ಜಲಾಶಯವೇ. ಗೊರೂರಿನ ಹಿನ್ನೀರಿನಲ್ಲಿ ಶೆಟ್ಟಿಹಳ್ಳಿ ಚರ್ಚು ಮಳೆಗಾಲದಲ್ಲಿ ಮುಳುಗಿ ಬೇಸಿಗೆಯಲ್ಲಿ ಏಳುವ ಹಾಗೆ, ಅಲ್ಲಿಯೂ ಬರ ಬಿದ್ದಾಗ ಬಂಡೆ, ದಿಬ್ಬ ಮೇಲಕ್ಕೆ ಬರುತ್ತವೆ. ನೀರಿನ ಮಟ್ಟ ನೋಡಿಕೊಂಡೇ ಇಳಿ. ಹದಿಮೂರು ತುಂಬದ ಮಕ್ಕಳು ಬೋಟು ಚಲಿಸುವಾಗ ಲೈಫ್ ಜಾಕೆಟ್ ಹಾಕಿರಲೇಬೇಕು.

ಹಿಂಗೋಡೆಯ ಬಲಬದಿಯಲ್ಲಿ ಕೊರೆದ ಹನ್ನೆರಡು ಅಕ್ಷರ, ಅಂಕಿಗಳ ಹಲ್ ನಂಬರ್, ಅಂದರೆ ಬೋಟಿನ ಗುರುತು ಸಂಖ್ಯೆ ಇದೆ, ಕೊನೆಯ ಎರಡಂಕಿ ಮಾದರಿಯ ವರ್ಷ. ಅದು ಒಡೆತನದ ಟೈಟಲ್ ಕಾಗದಕ್ಕೆ ತಾಳೆಯಾಗಲಿ, ಸಾಲ ತೀರಿದ ಪತ್ರವೂ ಜೊತೆಗಿರಲಿ. ಉಳಿದ ಎರಡು ಬೋಟುಗಳ ಹಲ್ ನಂಬರ್, ಭಾರದ ತಟ್ಟೆ, ಮುಚ್ಚಳ ತೆಗೆದ ಎಂಜಿನ್, ಈ ಮೂರರ ಫೋಟೋ ಮಾರುವವರಿಂದ ತರಿಸಿ ನನಗೆ ಕಳಿಸು. ಮುಂಗಡ ಆಮೇಲೆ.

ಇಂತಿ ನಿನ್ನ ಸೋದರಮಾವ