ಬಸ್ಸಿನಿಂದ ಇಳಿದುಹೋದದ್ದಕ್ಕೆ

ಪ್ರೀತಿಯ ಗೆಳೆಯಾ,

ಮೊನ್ನೆ ಬೆಳಗಿನ ಜಾವ ಬಸ್ ಹತ್ತಿ ಅರ್ಧ ಗಂಟೆಗೇ ಇಳಿದುಬಿಟ್ಟೆನಲ್ಲ, "ಮನೆಯಲ್ಲಿ ಏನೋ ಕೆಲಸ" ಅಂತ. ಸುಳ್ಳು ಕಣೋ. ಟಿಕೆಟ್ ಮಾಡಿಸಿದವನು ನೀನು, ಸಿಟ್ಟು ಬಂದಿದ್ದು ಸರಿಯೇ. ಎದುರು ಕೂತು ಹೇಳೋಕೆ ಬಾಯಿ ಬರಲ್ಲ, ಅದಕ್ಕೇ ಬರೀತಿದ್ದೀನಿ.

ನನ್ನ ಹೊಟ್ಟೆ ಮೇಲಿನ ಕಲೆ ನೋಡಿ ನೀನು ಕೇಳಿದ್ದೆ. ನಾನು ಅಪೆಂಡಿಕ್ಸ್ ಅಂದಿದ್ದೆ. ಅದೂ ಸುಳ್ಳು. ನನಗೆ ಹುಟ್ಟಿನಿಂದಲೇ ಇರೋದು ಹಿರ್ಶ್‌ಸ್ಪ್ರಂಗ್ ಕಾಯಿಲೆ, ಸುಮಾರು 5000 ಮಕ್ಕಳಲ್ಲಿ ಒಂದಕ್ಕೆ ಬರುತ್ತೆ. ಮಗು ಗರ್ಭದಲ್ಲಿರುವಾಗ ಕರುಳಿನ ನರಕೋಶಗಳು ಮೇಲಿಂದ ಕೆಳಕ್ಕೆ ಇಳಿಯುತ್ತಾ ಬರ್ತವೆ. ನನ್ನವು ದಾರಿಯಲ್ಲೇ ನಿಂತವು. ನರಕೋಶ ಇಲ್ಲದ ಕೊನೆಯ ಭಾಗ ಸಡಿಲವಾಗೋದೇ ಇಲ್ಲ, ಬಿಗಿದುಕೊಂಡಿರುತ್ತೆ, ಅದರ ಹಿಂದೆ ಎಲ್ಲ ಕಟ್ಟಿ ಹೊಟ್ಟೆ ಉಬ್ಬುತ್ತೆ. ಹುಟ್ಟಿ ಎರಡು ದಿನವಾದರೂ ನಾನು ಮಲ ಹಾಕಲಿಲ್ಲವಂತೆ. ಆ ಭಾಗ ಕತ್ತರಿಸಿ, ಚೆನ್ನಾಗಿರೋ ಕರುಳನ್ನ ಕೆಳಗೆಳೆದು ಹೊಲಿದರು. ಈ ಆಪರೇಷನ್ ಮೊದಲು ವರದಿಯಾದದ್ದೇ 1948ರಲ್ಲಿ. ಅದಕ್ಕೂ ಮುಂಚೆ ಹುಟ್ಟಿದ್ದರೆ ನಿನಗೆ ಈ ಪತ್ರ ಬರ್ತಿರಲಿಲ್ಲವೇನೋ.

"ಆಪರೇಷನ್ ಆಯ್ತಲ್ಲ, ಇನ್ನೇನು?" ಅಂತಾರೆ ಎಲ್ಲರೂ. ಎಷ್ಟೋ ಜನರಿಗೆ ಸರಿಹೋಗುತ್ತೆ ನಿಜ. ನನಗೆ ಪೂರ್ತಿ ಹೋಗಲಿಲ್ಲ. ಮಕ್ಕಳ ಸರ್ಜನ್ "ನೀನೀಗ ದೊಡ್ಡವನು" ಅಂದು ಕಳಿಸಿದರು. ದೊಡ್ಡವರ ಡಾಕ್ಟರು "ಇದು ಮಕ್ಕಳ ಕಾಯಿಲೆ" ಅಂದರು. ವಿಳಾಸ ಸಿಗದ ಕಾಗದದ ಹಾಗೆ ಓಡಾಡಿದ್ದೀನಿ.

ಬೆಳಿಗ್ಗೆ ಒಂದು ಗಂಟೆ ಕಕ್ಕಸಿಗೇ ಮೀಸಲು. ಎನಿಮಾ ಹಾಕಿ ಕರುಳು ತೊಳೆದುಕೊಂಡರೆ ದಿನ ನೆಮ್ಮದಿ. ಇಲ್ಲದಿದ್ದರೆ ಬರೋದು ಗಾಳಿಯೋ ಮಲವೋ ನನಗೇ ಗೊತ್ತಾಗಲ್ಲ, ಗೊತ್ತಾಗೋ ಹೊತ್ತಿಗೆ ತಡವಾಗಿರುತ್ತೆ. (ನನ್ನ ಬ್ಯಾಗ್ ಯಾಕಿಷ್ಟು ಭಾರ ಅಂತ ನಗ್ತಿದ್ದೆಯಲ್ಲ, ಒಳಗಿರೋದು ಇನ್ನೊಂದು ಪ್ಯಾಂಟು.) ಮೊನ್ನೆ ಐದು ಗಂಟೆ ಬಸ್ಸಿಗೆ ಅಂತ ಎನಿಮಾ ಹಾಕಿಕೊಳ್ಳದೇ ಬಂದೆ. ಕಿಟಕಿ ಪಕ್ಕ ಕೂತಿದ್ದೆ, ಎದ್ದು ನಿನ್ನ ಮೊಣಕಾಲು ದಾಟೋಷ್ಟರಲ್ಲಿ ಆಗಿಹೋಗಿತ್ತು. ನಿನಗೆ ವಾಸನೆ ಬಂತೋ ಇಲ್ಲವೋ ಅನ್ನೋದೇ ನನ್ನ ಆಗಿನ ಚಿಂತೆ.

ಪಾಪ ಅನ್ನಬೇಡ, ಮೈ ಉರಿಯುತ್ತೆ. ಊಟಕ್ಕೆ ಬಲವಂತ ಮಾಡಬೇಡ. ನಾನು ಎದ್ದು ಹೋದರೆ ಎಲ್ಲರೆದುರು "ಎಲ್ಲಿಗೋ?" ಅಂತ ಕೂಗಬೇಡ. ಒಂದು ಮಾತ್ರ ನೆನಪಿಟ್ಟುಕೋ: ಹೊಟ್ಟೆ ಉಬ್ಬಿ, ಜ್ವರ ಬಂದು, ಭೇದಿ ಶುರುವಾದರೆ ಅದು ಕರುಳಿನ ಉರಿಯೂತ ಇರಬಹುದು, ಜೀವಕ್ಕೇ ಅಪಾಯ. ಆಗ ನಾನು ಬೇಡ ಅಂದರೂ ಎಳೆದುಕೊಂಡು ಆಸ್ಪತ್ರೆಗೆ ನಡಿ.

ಮುಂದಿನ ಸಲ ಹತ್ತು ಗಂಟೆ ಮೇಲಿನ ಬಸ್ ನೋಡು. ಬಾಗಿಲ ಪಕ್ಕದ ಸೀಟು ನನಗೆ, ಕಿಟಕಿ ನಿನಗೇ ಇರಲಿ.

ನಿನ್ನವನು