ಮಗಳಿಗೊಂದು ಪತ್ರ: ನಿನ್ನ ಸೀಮೆಗೆ ಮಳೆ ಕೈಕೊಟ್ಟ ವರ್ಷ

ಪ್ರೀತಿಯ ಪುಟ್ಟಿ,

ನೀನು ಕಲ್ಪಿಸಿಕೊಂಡು ಬರೆದು ಕಳಿಸಿದ ಹೊಂಬಯಲು ಸೀಮೆಯ ನಕ್ಷೆ ನೋಡಿದೆ. ಕೋಟೆ, ಧ್ವಜ, ಹೊಸ ಲಿಪಿ, ಹಬ್ಬಗಳ ಪಟ್ಟಿ ಎಲ್ಲವೂ ಚೆನ್ನಾಗಿವೆ. ಆದರೆ ನನಗೆ ಹೆಚ್ಚು ಹಿಡಿಸಿದ್ದು ಮೂಲೆಯಲ್ಲಿ ಸಣ್ಣಕ್ಷರದಲ್ಲಿ ಬರೆದ ಸಾಲು: ಜನ 5000, ಮಳೆ ವರ್ಷಕ್ಕೆ 600 ಮಿಲಿಮೀಟರ್, ಕಬ್ಬಿಣ ಉಂಟು, ವಿದ್ಯುತ್ ಇಲ್ಲ. ಇಷ್ಟು ಗೊತ್ತಿದ್ದರೆ ಉಳಿದದ್ದನ್ನೆಲ್ಲ ಲೆಕ್ಕ ಹಾಕಬಹುದು. ಒಂದೇ ಒಂದು ಮಾತು ನೆನಪಿಡು. ಲೆಕ್ಕವನ್ನು ಒಳ್ಳೆಯ ವರ್ಷಕ್ಕೆ ಹಾಕಬೇಡ, ಮಳೆ ಹೋದ ವರ್ಷಕ್ಕೆ ಹಾಕು.

ಮೊದಲು ನೀರು. ಕುಡಿಯಲು, ಅಡುಗೆಗೆ, ಸ್ನಾನಕ್ಕೆ, ಬಟ್ಟೆಗೆ ಸೇರಿ ತಲೆಗೆ ದಿನಕ್ಕೆ 55 ಲೀಟರ್ ಹಿಡಿ. ನಮ್ಮ ಹಳ್ಳಿಗಳಿಗೆ ನಲ್ಲಿ ಹಾಕಿಸುವ ಜಲ ಜೀವನ್ ಮಿಷನ್ ಇಟ್ಟುಕೊಂಡಿರುವುದೂ ಇದೇ ಅಳತೆ. ಐದು ಸಾವಿರ ಜನಕ್ಕೆ ದಿನಕ್ಕೆ 275 ಘನ ಮೀಟರ್, ವರ್ಷಕ್ಕೆ ಹೆಚ್ಚುಕಡಿಮೆ ಒಂದು ಲಕ್ಷ ಘನ ಮೀಟರ್ ಆಯಿತು. ನೀನು ಬರೆದ ಕೆರೆ 10 ಹೆಕ್ಟೇರ್ ಅಗಲ, ಒಂದು ಮೀಟರ್ ಆಳ. ಲೆಕ್ಕದಲ್ಲಿ ಸರಿಯಾಗಿ ಒಂದು ಲಕ್ಷ. ಆದರೆ ಬಯಲುಸೀಮೆಯ ಬಿಸಿಲು ಕೆರೆಯಿಂದ ವರ್ಷಕ್ಕೆ ಸುಮಾರು ಒಂದೂವರೆ ಮೀಟರ್ ನೀರನ್ನು ಆವಿ ಮಾಡಿಬಿಡುತ್ತದೆ. ನಿನ್ನ ಕೆರೆ ಬೇಸಿಗೆ ಕಾಣುವ ಮೊದಲೇ ಬತ್ತುತ್ತದೆ. ಅಗಲ ಕಡಿಮೆ ಮಾಡಿ ಆಳ ಹೆಚ್ಚಿಸು. 4 ಹೆಕ್ಟೇರ್, ಸರಾಸರಿ 4 ಮೀಟರ್ ಆಳ ಇದ್ದರೆ 1.6 ಲಕ್ಷ ಘನ ಮೀಟರ್ ನಿಲ್ಲುತ್ತದೆ. 60 ಸಾವಿರ ಬಿಸಿಲಿಗೆ ಹೋದರೂ ಜನರಿಗೆ ಒಂದು ಲಕ್ಷ ಘನ ಮೀಟರ್ ಉಳಿಯುತ್ತದೆ. ಇದು ಕುಡಿಯುವ ಕೆರೆ ಮಾತ್ರ. ಗದ್ದೆಗೆ ಬೇರೆ ಕೆರೆ ಬೇಕು.

ಇದು ತುಂಬಲು ಎಷ್ಟು ನೆಲದ ಮಳೆ ಹರಿದು ಬರಬೇಕು? ಬಿದ್ದ ಮಳೆಯ ಹತ್ತರಲ್ಲೊಂದು ಪಾಲು ಹರಿಯುತ್ತದೆ ಎಂದಿಟ್ಟುಕೊಂಡರೆ 2.7 ಚದರ ಕಿಲೋಮೀಟರ್ ಸಾಕು. ಬರಗಾಲದಲ್ಲಿ ಈ ಲೆಕ್ಕ ತಪ್ಪುತ್ತದೆ. ಮಳೆ ಅರ್ಧವಾದರೆ ಹರಿವು ಅರ್ಧಕ್ಕೆ ನಿಲ್ಲುವುದಿಲ್ಲ, ಕಾಲು ಭಾಗಕ್ಕೂ ಇಳಿಯಬಹುದು, ಏಕೆಂದರೆ ಒಣಗಿದ ಮಣ್ಣು ತನ್ನ ಪಾಲನ್ನು ಮೊದಲು ಕುಡಿಯುತ್ತದೆ. ಹಾಗಾಗಿ ಕೆರೆಗೆ 11 ಚದರ ಕಿಲೋಮೀಟರ್ ಜಲಾನಯನ, ಅಂದರೆ ನೀರು ಹರಿದು ಬರುವ ನೆಲ, ಕೊಡು. ಆಗ ಒಳ್ಳೆಯ ವರ್ಷಗಳಲ್ಲಿ ಬೇಕಾದ್ದಕ್ಕಿಂತ ನಾಲ್ಕು ಪಟ್ಟು ನೀರು ಬರುತ್ತದೆ, ಅದಕ್ಕೇ ಹೆಚ್ಚಾದ ನೀರು ಹೊರಹೋಗುವ ಕೋಡಿ ಅಗಲವಾಗಿರಬೇಕು. ಮಣ್ಣಿನ ಏರಿ ಒಡೆಯುವುದು ಹೆಚ್ಚಾಗಿ ನೀರು ಅದರ ನೆತ್ತಿಯ ಮೇಲೆ ಹರಿದಾಗ. ಕೋಡಿಯ ಮಟ್ಟ ಏರಿಯ ನೆತ್ತಿಗಿಂತ ಕನಿಷ್ಠ ಒಂದು ಮೀಟರ್ ಕೆಳಗಿರಲಿ, ನೀರಿನ ಕಡೆಯ ಮೈಗೆ ಕಲ್ಲು ಹೊದಿಸು, ಏರಿಯ ಮೇಲೆ ಮರ ಬೆಳೆಯಗೊಡಬೇಡ. ಬೇರು ಸತ್ತ ಜಾಗದಲ್ಲಿ ನೀರು ದಾರಿ ಮಾಡಿಕೊಳ್ಳುತ್ತದೆ. ಕೋಲಾರದ ಕೆರೆಗಳ ಹಾಗೆ ಒಂದರ ಕೋಡಿ ನೀರು ಕೆಳಗಿನ ಇನ್ನೊಂದಕ್ಕೆ ಹೋಗಲಿ. ನಿನ್ನ ಗದ್ದೆಗಳು ಆ ಕೆಳಗಿನ ಕೆರೆಗಳ ಅಚ್ಚುಕಟ್ಟಿನಲ್ಲಿ, ಅಂದರೆ ಅವುಗಳ ನೀರುಣ್ಣುವ ನೆಲದಲ್ಲಿ, ಇರಲಿ.

ಇನ್ನು ದವಸ. ಮಕ್ಕಳು ಮುದುಕರು ಸೇರಿ ಸರಾಸರಿ ದಿನಕ್ಕೆ 400 ಗ್ರಾಂ ರಾಗಿ ಎಂದರೆ ವರ್ಷಕ್ಕೆ 7300 ಕ್ವಿಂಟಲ್. ಬೀಜಕ್ಕೆ, ಇಲಿಗೆ, ಹುಳಕ್ಕೆ ಸೇರಿಸಿ 8000 ಎನ್ನು. ಮಳೆಯಾಶ್ರಯದಲ್ಲಿ ಎಕರೆಗೆ 8 ಕ್ವಿಂಟಲ್ ಬಂದರೆ 1000 ಎಕರೆ. ತೊಗರಿ, ಹುಚ್ಚೆಳ್ಳಿಗೆ ಬೇರೆ ನೆಲ ಬೇಕು. ಕಣಜದಲ್ಲಿ ಒಂದು ವರ್ಷದ ದವಸ ಇದ್ದರೆ ಸಾಲದು. ಧಾತು ಈಶ್ವರ ಸಂವತ್ಸರಗಳ ಬರದಲ್ಲಿ, ಅಂದರೆ 1876ರಿಂದ 78ರವರೆಗೆ, ಮಳೆ ಒಂದರ ಹಿಂದೊಂದು ಕೈಕೊಟ್ಟಿತು. ನಮ್ಮ ನಾಡಿನಲ್ಲಿ ಲಕ್ಷಾಂತರ ಜನ ಸತ್ತರು. ಎರಡು ವರ್ಷದ ದಾಸ್ತಾನು ಎಂದರೆ 14,600 ಕ್ವಿಂಟಲ್. 1300 ಎಕರೆ ಬಿತ್ತಿದರೆ ವರ್ಷಕ್ಕೆ 2400 ಕ್ವಿಂಟಲ್ ಮಿಗುತ್ತದೆ, ಕಣಜ ತುಂಬಲು ಆರು ಒಳ್ಳೆಯ ವರ್ಷ ಬೇಕು. ನಿನ್ನ ಸೀಮೆಯ ಇತಿಹಾಸದಲ್ಲಿ ಅತಿ ಅಪಾಯದ ಕಾಲ ಯುದ್ಧದ್ದಲ್ಲ, ಈ ಮೊದಲ ಆರು ವರ್ಷಗಳದ್ದು.

ರಾಗಿಯನ್ನೇ ಹೇಳಿದ್ದು ಸುಮ್ಮನೆ ಅಲ್ಲ. ಚೆನ್ನಾಗಿ ಒಣಗಿಸಿ ಹಗೇವಿನಲ್ಲಿಟ್ಟರೆ ಅದು ಹಲವು ವರ್ಷ ಕೆಡುವುದಿಲ್ಲ. ಎತ್ತರದ ಗಟ್ಟಿ ನೆಲದಲ್ಲಿ ಬಾಯಿ ಕಿರಿದಾಗಿ ಹೊಟ್ಟೆ ಅಗಲವಾಗಿ ಗುಂಡಿ ತೋಡಿ, ಒಳಗೆ ಹುಲ್ಲು ಒತ್ತಿ, ಮೇಲೆ ಚಪ್ಪಡಿ ಮುಚ್ಚಿ ಮಣ್ಣು ಮೆತ್ತುತ್ತಾರೆ. ನೂರು ಕ್ವಿಂಟಲ್ ಹಿಡಿಸುವಂಥವು ಸುಮಾರು 150 ಬೇಕು. ಎಲ್ಲವನ್ನೂ ಒಂದೇ ಕಡೆ ತೋಡಬೇಡ. ನೀರು ನುಗ್ಗಿದರೆ ಊರಿನ ಅನ್ನವೆಲ್ಲ ಒಟ್ಟಿಗೆ ಮುಗ್ಗುತ್ತದೆ. ಒಂದು ನಿಯಮವನ್ನು ಕಾನೂನಾಗಿಯೇ ಬರೆ: ಹಗೇವು ತೆರೆದ ಕೂಡಲೇ ಯಾರೂ ಒಳಗಿಳಿಯಬಾರದು. ಕಾಳು ಉಸಿರಾಡಿ ಒಳಗೆ ಕೆಟ್ಟ ಗಾಳಿ ತುಂಬಿರುತ್ತದೆ. ಬಹಳ ಹೊತ್ತು ತೆರೆದಿಟ್ಟು, ದೀಪ ಇಳಿಬಿಟ್ಟು ನೋಡಬೇಕು. ದೀಪ ಆರಿದರೆ ಮನುಷ್ಯನೂ ಉಳಿಯುವುದಿಲ್ಲ.

ನಿನ್ನ ನಕ್ಷೆಯಲ್ಲಿ ಸೌದೆ ಎಲ್ಲಿಯೂ ಇಲ್ಲ. ತಲೆಗೆ ದಿನಕ್ಕೆ ಒಂದು ಕಿಲೋ ಎಂದರೂ ವರ್ಷಕ್ಕೆ 1825 ಟನ್. ಒಣ ಕಾಡು ತಾನು ಸೊರಗದೆ ಹೆಕ್ಟೇರಿಗೆ ವರ್ಷಕ್ಕೆ ಒಂದೂವರೆ ಟನ್ ಕೊಟ್ಟರೆ, ನಿನಗೆ 1200 ಹೆಕ್ಟೇರ್ ಕಾಡು ಬೇಕು, ಅಂದರೆ 3000 ಎಕರೆ. ರಾಗಿ ಹೊಲದ ಎರಡು ಪಟ್ಟಿಗಿಂತ ಹೆಚ್ಚು! ಒಲೆ ಉರಿಸಲು ಬೇಕಾದ ನೆಲ ಅನ್ನ ಬೆಳೆಯುವ ನೆಲಕ್ಕಿಂತ ದೊಡ್ಡದು. ಇನ್ನು ಕಬ್ಬಿಣ. ಹಳೆಯ ಕುಲುಮೆಯಲ್ಲಿ ಒಂದು ಕಿಲೋ ಕಬ್ಬಿಣಕ್ಕೆ ಸುಮಾರು ಹತ್ತು ಕಿಲೋ ಇದ್ದಿಲು, ಒಂದು ಕಿಲೋ ಇದ್ದಿಲಿಗೆ ಐದಾರು ಕಿಲೋ ಸೌದೆ. ಆದ್ದರಿಂದ ಕತ್ತಿಗಿಂತ ಮೊದಲು ನೇಗಿಲ ಗುಳಕ್ಕೆ, ಕುಡುಗೋಲಿಗೆ ಕಬ್ಬಿಣ ಕೊಡು. ಕೆರೆಯ ಜಲಾನಯನದ ಒಂದು ಭಾಗವನ್ನೇ ಕಾಡಾಗಿ ಉಳಿಸಿದರೆ ಹೂಳು ಕಡಿಮೆಯಾಗುತ್ತದೆ. ಪೂರ್ತಿ ಕಾಡು ಮಾಡಬೇಡ, ಮರಗಳೂ ನೀರು ಕುಡಿಯುತ್ತವೆ.

ಶೌಚದ ಗುಂಡಿ ಬಾವಿಯಿಂದ 30 ಮೀಟರ್ ಆದರೂ ದೂರ, ಇಳಿಜಾರಿನ ಕೆಳಗೆ. ಮನೆಗೆ ಎರಡು ಗುಂಡಿ ಇದ್ದು, ಒಂದು ತುಂಬಿದ ಮೇಲೆ ಎರಡು ವರ್ಷ ಮುಚ್ಚಿಟ್ಟರೆ ಹೊಲಕ್ಕೆ ಗೊಬ್ಬರ.

ನೀರು ಹಂಚುವ ಕ್ರಮ ಇವೆಲ್ಲಕ್ಕಿಂತ ಕಷ್ಟ. ಕೆರೆಯಿಂದ ನೀರು ಬಿಡುವ ತೂಬಿನ ಹತ್ತಿರದವರು ಭತ್ತ ಬೆಳೆದು ಮುಗಿಸಿದರೆ ಕೊನೆಯವರಿಗೆ ನೀರೇ ಇಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯಲ್ಲಿ ಹೀಗೇ ಆಯಿತು: ಮೇಲಿನ ಜಮೀನು ಜೌಗು ಹಿಡಿದು ಸವಳಾಯಿತು, ರಾಯಚೂರಿನ ಕಡೆಯ ಕೊನೆಭಾಗದ ರೈತರು ನೀರಿಗಾಗಿ ಕಾದರು. ಶ್ರೀಲಂಕಾದ ಕೆರೆ ಹಳ್ಳಿಗಳಲ್ಲಿ 'ಬೆತ್ಮ' ಎಂಬ ಪದ್ಧತಿಯಿದೆ. ಕೆರೆ ಅರ್ಧ ಮಾತ್ರ ತುಂಬಿದ ವರ್ಷ, ತೂಬಿನ ಹತ್ತಿರದ ಗದ್ದೆಗಳನ್ನಷ್ಟೇ ಬಿತ್ತಿ, ಆ ಒಂದು ಹಂಗಾಮಿಗೆ ಅವನ್ನು ಎಲ್ಲ ಹಿಡುವಳಿದಾರರಿಗೂ ಹಂಚುತ್ತಾರೆ. ಇಷ್ಟು ನ್ಯಾಯವಾದ ಏರ್ಪಾಡು ನನಗೆ ಬೇರೆ ಕಂಡಿಲ್ಲ. ನಿನ್ನ ಸೀಮೆಗೆ ತೆಗೆದುಕೋ. ತೂಬು ತೆರೆಯುವ ನೀರುಗಂಟಿಗೆ ಅಚ್ಚುಕಟ್ಟಿನಲ್ಲಿ ಸ್ವಂತ ಗದ್ದೆ ಇರಬಾರದು, ಅವನ ಕೂಲಿ ಎಲ್ಲರ ರಾಶಿಯಿಂದ ಬರಬೇಕು.

ವರ್ಷಕ್ಕೆ ಸಾವಿರಕ್ಕೆ 40 ಹೆರಿಗೆ ಎಂದರೆ 200. ಇಬ್ಬರು ಸೂಲಗಿತ್ತಿಯರು ಸಾಕು ಎನಿಸೀತು. ಆದರೆ ಹೆರಿಗೆ ಸರದಿಯಲ್ಲಿ ಬರುವುದಿಲ್ಲ, ಐವರನ್ನಿಡು.

ಕೊನೆಗೆ ಉಪ್ಪು. ತಲೆಗೆ 8 ಗ್ರಾಂ ಎಂದರೆ ವರ್ಷಕ್ಕೆ 146 ಕ್ವಿಂಟಲ್, ಹೇರೆತ್ತು ಒಂದು ಕ್ವಿಂಟಲ್ ಹೊತ್ತರೆ 146 ಹೇರು. ನಿನ್ನ ಬಯಲಿನಲ್ಲಿ ಸಮುದ್ರವಿಲ್ಲ. ದಖ್ಖನ್ನಿನಲ್ಲಿ ಲಂಬಾಣಿಗರು ಹೇರೆತ್ತುಗಳ ಮೇಲೆ ಉಪ್ಪು, ದವಸ ಸಾಗಿಸಿದ ಹಾಗೆ ನಿನಗೂ ಸಾಗಿಸುವವರು ಬೇಕು, ಅವರ ಎತ್ತುಗಳಿಗೆ ದಾರಿಯುದ್ದಕ್ಕೂ ಮೇವು ನೀರು ಬೇಕು. ಬದಲಿಗೆ ಏನು ಕೊಡುತ್ತೀಯ? ರಾಗಿ ಕೊಡುವಂತಿಲ್ಲ, ಬರದ ವರ್ಷ ಅದು ಮಿಗುವುದಿಲ್ಲ. ಮಳೆ ಇಲ್ಲದಾಗಲೂ ಕೈಯಲ್ಲಿ ಉಳಿಯುವ ಸರಕು ಯಾವುದೆಂದು ಯೋಚಿಸಿ, ಹೊಸ ನಕ್ಷೆಯ ಜೊತೆ ಬರೆದು ಕಳಿಸು.

ನಿನ್ನ ಅಮ್ಮ