ಸಂಜೆ ಮೈದಾನಕ್ಕೆ ಬರುವ ಅಣ್ಣಂದಿರು, ಅಕ್ಕಂದಿರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಭಾನುವಾರದಿಂದ ಶಾಲೆ ಮೈದಾನದಲ್ಲಿ ಸಂಜೆ 5ರಿಂದ 7ರವರೆಗೆ ಕಬಡ್ಡಿ, ವಾಲಿಬಾಲ್, ಥ್ರೋಬಾಲ್ ಶುರು. ಆಟ ಒಂದು ನೆಪ ಅಷ್ಟೇ. ಶಾಲೆ ಬಿಟ್ಟ ಮೇಲೆ ಅಪ್ಪ ಅಮ್ಮ ಗದ್ದೆಯಿಂದ, ಆಲೆಮನೆಯಿಂದ ಬರುವವರೆಗಿನ ಹೊತ್ತಲ್ಲೇ ಹುಡುಗರು ನಾಲೆ ಏರಿ ಕಡೆ ಹೋಗುವುದು. ಅಲ್ಲಿ ಬಿದ್ದಿರುವ ಗುಟ್ಕಾ ಚೀಟಿ, ನಶೆಗೆ ಮೂಸಿ, ಹಿಂಡಿ ಬಿಸಾಕಿದ ಪಂಕ್ಚರ್ ಸಲ್ಯೂಷನ್ ಟ್ಯೂಬು ನೀವೂ ನೋಡಿದ್ದೀರಿ, ಅಲ್ವಾ?

ನಮ್ಮಲ್ಲಿ ಒಬ್ಬೊಬ್ಬರು ಮೂರು ಮಕ್ಕಳನ್ನು ನೋಡಿಕೊಳ್ಳಬೇಕು. ದಿನಾ ಅದೇ ಮುಖ ಕಾಣಬೇಕು. ವಾರಕ್ಕೊಬ್ಬರು ಬದಲಾದರೆ ಯಾವ ಹುಡುಗನೂ ಬಾಯಿ ಬಿಡುವುದಿಲ್ಲ. ಭಾಷಣ ಬೇಡವೇ ಬೇಡ. ನೆಟ್ ಕಟ್ಟುತ್ತಾ "ಎರಡು ದಿನ ಯಾಕೋ ಕಾಣಲಿಲ್ಲ?" ಅಂತ ಕೇಳಿ, ಆಮೇಲೆ ಸುಮ್ನೆ ಕೇಳಿಸಿಕೊಳ್ಳಿ. ಚೆನ್ನಾಗಿ ಆಡುವವನಿಗಿಂತ ಗೆರೆಯಾಚೆ ನಿಂತು ನೋಡುವವನು ನಮಗೆ ಜಾಸ್ತಿ ಮುಖ್ಯ.

ಮೈದಾನದಲ್ಲಿ ನಾವೂ ಬೀಡಿ, ಹೊಗೆಸೊಪ್ಪು ಮುಟ್ಟುವ ಹಾಗಿಲ್ಲ. ಕೆಲವರಿಗೆ ಬೇಜಾರಾಗಬಹುದು, ಆಗಲಿ.

ಯಾರಾದರೂ ಸಿಕ್ಕಿಬಿದ್ದರೆ ಫೋಟೋ, ಹೆಸರು ಗ್ರೂಪಿಗೆ ಹಾಕಬೇಡಿ. 14446 ಕೇಂದ್ರ ಸರ್ಕಾರದ ವ್ಯಸನಮುಕ್ತಿ ಸಹಾಯವಾಣಿ, ಕರೆಗೆ ದುಡ್ಡಿಲ್ಲ. ಮನಸ್ಸಿನ ಬೇಗುದಿಗೆ ಟೆಲಿ ಮಾನಸ್ 14416, ಕನ್ನಡದಲ್ಲೇ ಮಾತಾಡುತ್ತಾರೆ. ಡಾಕ್ಟರಿಗೆ ತೋರಿಸಲೇಬೇಕು ಅನಿಸಿದರೆ ಮಂಡ್ಯದ ಸರ್ಕಾರಿ ಆಸ್ಪತ್ರೆ ಮಿಮ್ಸ್‌ಗೆ ಮನೆಯವರ ಜೊತೆ ನಾವೂ ಹೋಗೋಣ.

ಅಂಗಡಿಯವರಿಗೆ ಒಂದು ಮಾತು ಹೇಳಿಡಿ, ಜಗಳ ಬೇಡ. 18 ತುಂಬದವರಿಗೆ ಮದ್ಯ, ತಂಬಾಕು, ಗಾಂಜಾ ಕೊಟ್ಟರೆ 2015ರ ಬಾಲನ್ಯಾಯ ಕಾಯ್ದೆಯ 77ನೇ ಸೆಕ್ಷನ್ ಪ್ರಕಾರ 7 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ.

ಬರುವವರು ಶುಕ್ರವಾರ ರಾತ್ರಿಯೊಳಗೆ ಇಲ್ಲೇ ಹೆಸರು ಹಾಕಿ. ಹಳೇ ವಾಲಿಬಾಲ್ ಇದ್ದವರು ಗಾಳಿ ತುಂಬಿಸಿಕೊಂಡು ಬನ್ನಿ.